ಎಡಿಟರನ್ನು ಕೈಯಾರೆ ಕಟ್ಟಬೇಕೇ?

ಕೋಡ್ ಬರೆಯಲು ಕೂತವರೆಲ್ಲರಿಗೂ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಎಡಿಟರನ್ನು ಖಾಲಿಯಾಗಿ ತೆಗೆದುಕೊಂಡು, ಒಂದೊಂದೇ ಪ್ಲಗಿನ್ ಆರಿಸಿ, ಕಾನ್ಫಿಗ್ ಫೈಲನ್ನು ತಾನೇ ಬರೆದುಕೊಳ್ಳಬೇಕೇ? ಇಲ್ಲ, ಎಲ್ಲ ಜೋಡಿಸಿಕೊಟ್ಟ ಎಡಿಟರನ್ನು ಹಾಕಿಕೊಂಡು ನೇರ ಕೆಲಸಕ್ಕೆ ಇಳಿಯಬೇಕೇ? ಬೆಂಗಳೂರಿನ ಆಫೀಸಿನಲ್ಲಿ ಇದು ಅವರವರ ರುಚಿಯ ಮಾತು. ಕೊಳ್ಳೇಗಾಲ, ಹನೂರು, ಯಳಂದೂರಿನ ಮನೆಗಳಲ್ಲಿ ಅಣ್ಣ ಬಿಟ್ಟುಹೋದ ಲ್ಯಾಪ್‌ಟಾಪ್, ಮೊಬೈಲಿನ ಹಾಟ್‌ಸ್ಪಾಟ್ ಇಟ್ಟುಕೊಂಡು ಕಲಿಯುವವರಿಗೆ ಹಾಗಲ್ಲ. ಡೇಟಾ, ರ‍್ಯಾಮ್, ಹೊತ್ತು, ಮೂರರ ಲೆಕ್ಕವೂ ಇದರಲ್ಲಿದೆ. ನಾನು ಕೈಯಾರೆ ಕಟ್ಟುವುದರ ಪರ ಪಕ್ಷದವನು. ಆದರೆ ವಿರೋಧದ ವಾದದಲ್ಲಿ ನನ್ನನ್ನು ತಡೆದು ನಿಲ್ಲಿಸುವ ಮಾತುಗಳಿವೆ, ಅವನ್ನೂ ಮುಚ್ಚಿಡದೆ ಬರೆದಿದ್ದೇನೆ.

ಪರ: ಯಾವ ಕಾರ್ಡಿನ ತಪ್ಪು ಎಂದು ಗೊತ್ತಾಗಬೇಕು

ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗದ ಮನೆಗೆ ಹೋದವರು ತಲೆ ಎತ್ತಿ ಜಕಾರ್ಡನ್ನು ನೋಡಿರುತ್ತಾರೆ. ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ದಾರದಿಂದ ಹೊಲಿದ ಸರ ಅಲ್ಲಿ ಸುತ್ತುತ್ತಿರುತ್ತದೆ. ಒಂದು ಕಾರ್ಡಿಗೆ ಒಂದು ಹೊಕ್ಕು. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಒಂದು ತೂತು ತಪ್ಪಿದರೆ ಅಂಚಿನ ಪ್ರತಿ ಹೂವಿನಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು. ಜಕಾರ್ಡ್ ಎಂಬಾತ 1804ರಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ ಈ ಏರ್ಪಾಡನ್ನು ಕಂಡೇ ಗಣಿತಜ್ಞ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಕಾರ್ಡುಗಳನ್ನು ಯೋಚಿಸಿದ್ದು. ನೇಯುವವನು ಕಾರ್ಡನ್ನು ತಾನೇ ಕೊರೆದಿರಬೇಕಿಲ್ಲ. ಸೀರೆಯಲ್ಲಿ ತಪ್ಪು ಕಂಡಾಗ ಅದು ಯಾವ ಕಾರ್ಡಿನದು ಎಂದು ಹುಡುಕಲು ಬಂದರೆ ಸಾಕು. ಎಡಿಟರ್ ವಿಷಯದಲ್ಲಿ ನಾನು ಕೇಳುವುದೂ ಅಷ್ಟೇ.

ಕೆಲವು ವರ್ಷಗಳ ಹಿಂದೆ ನನಗೆ ಆ ಹುಡುಕಾಟ ಬರುತ್ತಿರಲಿಲ್ಲ. ಯಾರೋ ಜೋಡಿಸಿಟ್ಟ ನಿಯೋವಿಮ್ ಎಡಿಟರಿನ ಕಾನ್ಫಿಗ್ ಕಂತೆಯನ್ನು ಹಾಗೇ ಇಳಿಸಿಕೊಂಡಿದ್ದೆ. ಮಾದಪ್ಪನ ಬೆಟ್ಟಕ್ಕೆ ಹೊರಡುವ ಹಿಂದಿನ ರಾತ್ರಿ ಎಲ್ಲ ಪ್ಲಗಿನ್‌ಗಳನ್ನೂ ಒಟ್ಟಿಗೆ ಅಪ್‌ಡೇಟ್ ಮಾಡಿ ಮಲಗಿದೆ. ಮರುದಿನ ಹನೂರು ದಾಟಿ, ತಾಳಬೆಟ್ಟದ ಹತ್ತಿರ ಗಾಡಿ ನಿಲ್ಲಿಸಿ ಲ್ಯಾಪ್‌ಟಾಪ್ ತೆರೆದರೆ ಪರದೆ ತುಂಬ ಕೆಂಪಕ್ಷರ. ಒಂದು ಪ್ಲಗಿನ್ ಇನ್ನೇನನ್ನೋ ಇಳಿಸಬೇಕೆಂದು ಹಟ ಹಿಡಿದಿತ್ತು, ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಯಾವ ಫೈಲಿನ ಯಾವ ಸಾಲು ಅದನ್ನು ಕರೆಯುತ್ತಿದೆ ಎಂದು ಅರ್ಧ ಗಂಟೆ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಕಾನ್ಫಿಗ್ ಇಲ್ಲದೆ ಬರಿಯ ಎಡಿಟರ್ ತೆರೆದು ಆ ದಿನದ ಕೆಲಸ ಮುಗಿಸಿದೆ. ಏನೂ ಕೊರತೆಯಾಗಲಿಲ್ಲ. ಬೆಟ್ಟದಿಂದ ಇಳಿದ ಮೇಲೆ ಕಂತೆ ಅಳಿಸಿ, ನನ್ನದೇ ಫೈಲು ಶುರು ಮಾಡಿದೆ.

ಪ್ಲಗಿನ್ ಎಂದರೆ ಯಾರೋ ಒಬ್ಬರ ಬಿಡುವಿನ ದುಡಿಮೆ. ಅವರಿಗೆ ಬಿಡುವು ತಪ್ಪಿದ ದಿನ ಅದು ನಿಲ್ಲುತ್ತದೆ. ನಿಯೋವಿಮ್ ಬಳಗ ನೆಚ್ಚಿಕೊಂಡಿದ್ದ ಪ್ಲಗಿನ್ ಮ್ಯಾನೇಜರ್ ‘ಪ್ಯಾಕರ್’ 2023ರಲ್ಲಿ ನೋಡಿಕೊಳ್ಳುವವರಿಲ್ಲದೆ ನಿಂತಿತು. ಗಿಟ್‌ಹಬ್‌ನ ‘ಆಟಮ್’ ಎಡಿಟರ್ 2022ರ ಡಿಸೆಂಬರಿನಲ್ಲಿ ಪ್ಲಗಿನ್‌ಗಳ ಸಮೇತ ಮುಚ್ಚಿತು. ಇನ್ನೊಂದೆಡೆ ಎಡಿಟರೇ ಬೆಳೆಯುತ್ತಿದೆ. 2016ರ ವಿಮ್ 8ಕ್ಕೆ ಪ್ಲಗಿನ್ ಹಾಕಲು ಬೇರೆ ಮ್ಯಾನೇಜರ್ ಬೇಕಿಲ್ಲ, ಸರಿಯಾದ ಫೋಲ್ಡರಿನಲ್ಲಿ ಇಟ್ಟರೆ ಸಾಕು. ಸಾಲನ್ನು ಕಾಮೆಂಟ್ ಮಾಡುವ ಕೆಲಸಕ್ಕೆ ಹಿಂದೆ ಎಲ್ಲರೂ ಪ್ಲಗಿನ್ ಹಾಕುತ್ತಿದ್ದರು. 2024ರ ನಿಯೋವಿಮ್ 0.10ರಲ್ಲಿ ಅದು ಒಳಗೇ ಇದೆ. 2025ರ 0.11ರಲ್ಲಿ ಕೋಡಿನ ತಪ್ಪು ತೋರಿಸುವ ಲ್ಯಾಂಗ್ವೇಜ್ ಸರ್ವರ್ ಜೋಡಿಸಲೂ ಬೇರೆ ಪ್ಲಗಿನ್ ಬೇಡ, ನಾಲ್ಕಾರು ಸಾಲು ಸಾಕು. ತನ್ನ ಫೈಲನ್ನು ತಾನೇ ಓದುವವನು ಇಂಥದನ್ನು ಗಮನಿಸಿ ಒಂದೊಂದು ಪ್ಲಗಿನ್ ಕಳಚುತ್ತಾನೆ. ಕಂತೆ ಇಳಿಸಿಕೊಂಡವನಿಗೆ ಒಳಗೆ ಏನಿದೆ ಎಂಬುದೇ ತಿಳಿದಿರುವುದಿಲ್ಲ.

ಜೋಡಣೆಯ ಬಗ್ಗೆ ಒಂದು ಮಾತು. ಮೊದಲ ದಿನವೇ ಹತ್ತು ಫೋಲ್ಡರ್ ಮಾಡಿಕೊಳ್ಳಬೇಡಿ. ಟೀಜೆ ಡಿವ್ರೀಸ್ ಶುರು ಮಾಡಿದ ‘ಕಿಕ್‌ಸ್ಟಾರ್ಟ್’ ಎಂಬ ನಿಯೋವಿಮ್ ಕಾನ್ಫಿಗ್ ಎಲ್ಲವನ್ನೂ ಒಂದೇ ಫೈಲಿನಲ್ಲಿ, ಸಾಲುಸಾಲಿಗೂ ವಿವರಣೆ ಬರೆದು ಇಟ್ಟಿದೆ. ಅದು ಓದಲೆಂದೇ ಬರೆದದ್ದು. ಒಂದು ಫೈಲಿನಲ್ಲಿ ಹುಡುಕಾಟ ಕಷ್ಟವಾದಾಗ ಆಯ್ಕೆಗಳು, ಕೀಲಿಗಳು, ಪ್ಲಗಿನ್‌ಗಳು ಎಂದು ಒಡೆಯಿರಿ. ಎಲ್ಲವನ್ನೂ ಗಿಟ್‌ನಲ್ಲಿಡಿ, ಲಾಕ್ ಫೈಲಿನ ಸಮೇತ. ಪ್ರತಿ ಪ್ಲಗಿನ್ ಯಾವ ಕಮಿಟ್‌ನಲ್ಲಿತ್ತು ಎಂಬುದು ಲಾಕ್ ಫೈಲಿನಲ್ಲಿರುತ್ತದೆ. ತಾಳಬೆಟ್ಟದಲ್ಲಿ ನನ್ನ ಬಳಿ ಅದೊಂದು ಇದ್ದಿದ್ದರೆ ಏನು ಬದಲಾಗಿದೆ ಎಂದು ಕಣ್ಣಿಗೆ ಕಾಣುತ್ತಿತ್ತು.

ವಿರೋಧ: ಮೊದಲು ಕೆಲಸ ಕಲಿಯಲಿ

ಯಳಂದೂರಿನಿಂದ ದಿನಾ ಬಸ್ಸು ಹತ್ತಿ ಕಾಲೇಜಿಗೆ ಹೋಗಿಬರುವ ಹುಡುಗಿಗೆ ರಾತ್ರಿ ಸಿಗುವುದು ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಪೈಥಾನ್ ಕಲಿಯಬೇಕೋ, ಬಣ್ಣದ ಥೀಮ್ ಹುಡುಕಬೇಕೋ? ಕಾನ್ಫಿಗ್ ಬರೆಯುವುದು ಕೆಲಸದ ವೇಷ ಹಾಕಿದ ಕಾಲಹರಣವಾಗಬಹುದು. ವಾರಗಟ್ಟಲೆ ಎಡಿಟರ್ ತಿದ್ದಿ, ಅದರಲ್ಲಿ ಒಂದು ಪ್ರೋಗ್ರಾಮೂ ಬರೆಯದವರು ಇದ್ದಾರೆ.

ಮೈಕ್ರೋಸಾಫ್ಟ್‌ನ ವಿಎಸ್ ಕೋಡ್ 2015ರಲ್ಲಿ ಬಂತು. ಮರುವರ್ಷ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಹೊರಬಿತ್ತು. ಇವತ್ತು ತಪ್ಪು ತೋರಿಸುವುದು, ಹೆಸರು ತುಂಬಿಕೊಡುವುದು, ಹೆಸರು ಬದಲಿಸುವುದು, ಇದೆಲ್ಲ ಲ್ಯಾಂಗ್ವೇಜ್ ಸರ್ವರಿನ ಕೆಲಸ. ಇಂಥ ಹೆಚ್ಚಿನ ಸರ್ವರ್‌ಗಳು ಬೇರೆ ಎಡಿಟರುಗಳಿಗೂ ಸಿಗುತ್ತವೆ. ಕೈಯಾರೆ ಕಟ್ಟಿದವನಿಗೆ ಅದರಲ್ಲಿ ಹೆಚ್ಚಿನದೇನೂ ಸಿಗುವುದಿಲ್ಲ. ಲ್ಯಾಬಿನಲ್ಲಿ ಎಲ್ಲರ ಪರದೆಯೂ ಒಂದೇ ತರ ಇದ್ದರೆ, ಕೈ ಎತ್ತಿದ ವಿದ್ಯಾರ್ಥಿಯ ತೊಂದರೆ ಮೇಷ್ಟ್ರಿಗೆ ನಿಂತಲ್ಲೇ ತಿಳಿಯುತ್ತದೆ. ತಂಡಕ್ಕೂ ಹಾಗೇ: ಪ್ರಾಜೆಕ್ಟಿನ ಜೊತೆಗೇ ಬೇಕಾದ ಎಕ್ಸ್‌ಟೆನ್ಷನ್‌ಗಳ ಪಟ್ಟಿ ಇಟ್ಟರೆ ಹೊಸಬರು ಮೊದಲ ದಿನವೇ ಕೆಲಸಕ್ಕೆ ಕೂರುತ್ತಾರೆ.

ನನ್ನನ್ನು ತಡೆದು ನಿಲ್ಲಿಸುವ ಮಾತು ಕನ್ನಡದ್ದು. ಟರ್ಮಿನಲ್‌ನಲ್ಲಿ ವಿಮ್ ತೆರೆದು ‘ಕೊಳ್ಳೇಗಾಲ’ ಎಂದು ಬರೆಯಿರಿ. ಎಷ್ಟೋ ಟರ್ಮಿನಲ್‌ಗಳು ಅಕ್ಷರಗಳನ್ನು ಸಮ ಅಗಲದ ಚೌಕಗಳಲ್ಲಿ ಕೂರಿಸುತ್ತವೆ. ‘ಳ್ಳೇ’ಯ ಒತ್ತು ತನ್ನ ಜಾಗ ಬಿಟ್ಟು ಒಡೆದು ಬೀಳುತ್ತದೆ. ನಮ್ಮೂರ ಹೆಸರನ್ನೇ ಸರಿಯಾಗಿ ತೋರಿಸದ ಎಡಿಟರಿನಲ್ಲಿ ಕನ್ನಡ ಆ್ಯಪ್ ಬರೆಯುವುದು ಹೇಗೆ? ವಿಎಸ್ ಕೋಡ್‌ನಲ್ಲಿ ಯಾವ ಸಿದ್ಧತೆಯೂ ಇಲ್ಲದೆ ಅದು ನೆಟ್ಟಗೆ ಕಾಣುತ್ತದೆ.

ನನ್ನ ತೀರ್ಪು

ಕನ್ನಡದ ವಾದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅದು ಟರ್ಮಿನಲ್‌ನ ದೋಷ, ಕೈಯಾರೆ ಕಟ್ಟುವುದರ ದೋಷವಲ್ಲ. 2020ರ ಇಮ್ಯಾಕ್ಸ್ 27 ಎಡಿಟರ್, ಅಕ್ಷರ ಜೋಡಿಸುವ ಹಾರ್ಫ್‌ಬಝ್ ಲೈಬ್ರರಿ ಬಳಸಿ ಒತ್ತಕ್ಷರಗಳನ್ನು ತನ್ನದೇ ಕಿಟಕಿಯಲ್ಲಿ ಚೆನ್ನಾಗಿ ತೋರಿಸುತ್ತದೆ. ಹಲವು ಭಾಷೆಗಳ ನಮಸ್ಕಾರಗಳಿರುವ ಅದರ ‘ಹಲೋ’ ಫೈಲಿನಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ. ಹೊತ್ತಿನ ವಾದವನ್ನೂ ಒಪ್ಪುತ್ತೇನೆ: ಮೊದಲ ವರ್ಷ ಸಿದ್ಧ ಎಡಿಟರೇ ಇರಲಿ. ಒಪ್ಪದಿರುವುದು ಒಂದನ್ನು, ಏನಿದೆ ಎಂದು ತಿಳಿಯದೆ ತುಂಬಿಕೊಳ್ಳುವುದನ್ನು. ವಿಎಸ್ ಕೋಡ್‌ನ ಎಕ್ಸ್‌ಟೆನ್ಷನ್ ನಿಮ್ಮ ಫೈಲುಗಳನ್ನು ನಿಮ್ಮಷ್ಟೇ ಅಧಿಕಾರದಿಂದ ಓದಬಲ್ಲದು. 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ ಬೇಡದ ಒಂದೊಂದೂ ಹೊರೆ.

ಆದ್ದರಿಂದ ಎರಡೂ ಕಡೆಯವರಲ್ಲಿ ನನ್ನ ಕೋರಿಕೆ ಒಂದೇ. ಇವತ್ತು ರಾತ್ರಿ ನಿಮ್ಮ ಪ್ಲಗಿನ್ ಪಟ್ಟಿ ತೆರೆಯಿರಿ. ಒಂದೊಂದರ ಮೇಲೂ, ಇದು ಯಾತಕ್ಕೆ ಎಂದು ಕನ್ನಡದಲ್ಲಿ ಒಂದು ಸಾಲು ಕಾಮೆಂಟ್ ಬರೆಯಿರಿ. ವಿಮ್‌ನ ಫೈಲಿನಲ್ಲೂ ಬರೆಯಬಹುದು, ವಿಎಸ್ ಕೋಡ್‌ನ ಸೆಟ್ಟಿಂಗ್ಸ್ ಫೈಲಿನಲ್ಲೂ ಬರೆಯಬಹುದು. ಯಾವುದಕ್ಕೆ ಆ ಸಾಲು ಬರೆಯಲು ಬರುವುದಿಲ್ಲವೋ ಅದನ್ನು ತೆಗೆದುಹಾಕಿ.