ನಾಯಿಯ ಜಾತಿ ಬೇಡ, ಸಾಕಿದವನ ಹೆಸರು ಹೇಳಿ

ಮದ್ದೂರಿನ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಿರಿಯರೊಬ್ಬರು ಈಚೆಗೆ ಕುಂಟುತ್ತಾ ನಮ್ಮ ಕಚೇರಿಗೆ ಬಂದರು. ರಾತ್ರಿ ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಗಿರಣಿಯ ಗೇಟಿನ ನಾಯಿ ಅವರ ಮೀನಖಂಡಕ್ಕೆ ಬಾಯಿ ಹಾಕಿತ್ತು. "ಸಾವ್ಕಾರ್ರು ಏನಂದ್ರು?" ಎಂದು ಕೇಳಿದೆ.

"ಇನ್ನೂರು ರೂಪಾಯಿ ಕೊಟ್ಟು, ಓಗು ಸೂಜಿ ಆಕುಸ್ಕೊ ಅಂದ್ರು ಮೇಷ್ಟ್ರೆ. ಸೂಜಿ ಏನೋ ಸರ್ಕಾರಿ ಆಸ್ಪತ್ರೇಲಿ ಸುಮ್ನೆ ಕೊಡ್ತಾರೆ. ಓದ ಕೂಲಿಗೆ ಯಾವ ಆಸ್ಪತ್ರೇಲಿ ಸೂಜಿ ಅದೆ?"

ನಾನು ಮೇಷ್ಟರ ಕೆಲಸ ಬಿಟ್ಟು ವರ್ಷಗಳಾದವು. ಆದರೂ ಆ ಪ್ರಶ್ನೆಯ ಮುಂದೆ ಪಾಠ ಒಪ್ಪಿಸಲಾಗದ ಹುಡುಗನಂತೆ ಕುಳಿತೆ. ವಾಚಕರೇ, ಲೆಕ್ಕ ಹಾಕಿ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಚುಚ್ಚುಮದ್ದಿಗೆ ಕಚ್ಚಿದ ದಿನ, ಅನಂತರ 3ನೇ ದಿನ, 7ನೇ ದಿನ, 28ನೇ ದಿನ, ಹೀಗೆ ನಾಲ್ಕು ಸಲ ಹೋಗಬೇಕು. ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ದಿನಗೂಲಿಯವನಿಗೆ ನಾಲ್ಕು ಸಲ ಎಂದರೆ ನಾಲ್ಕು ದಿನದ ಕೂಲಿ. ಗಾಯ ಮಾಯುವವರೆಗೆ ಮೂಟೆ ಹೊರಲಾಗದ ದಿನಗಳು ಬೇರೆ, ಬಸ್ಸಿನ ಚಾರ್ಜು ಬೇರೆ. ಇಷ್ಟಕ್ಕೆಲ್ಲ ಗಿರಣಿಯ ಬಾಬ್ತು ಇನ್ನೂರು ರೂಪಾಯಿ!

ಆ ನಾಯಿ ಯಾವ ಜಾತಿಯದೆಂದು ವಿಚಾರಿಸಿದೆ. ಪರದೇಶದ್ದಲ್ಲ, ಸಾವಿರಾರು ರೂಪಾಯಿ ಕೊಟ್ಟು ತಂದದ್ದೂ ಅಲ್ಲ. ನಮ್ಮ ಬೀದಿಯ ನಾಟಿ ನಾಯಿಯೇ. ಮರಿಯಾಗಿದ್ದಾಗ ತಂದು ಎರಡು ಮೊಳದ ಸರಪಳಿಯಲ್ಲಿ ಕಟ್ಟಿ, ದಿನಕ್ಕೊಂದು ಸಲ ಅನ್ನ ಹಾಕಿ, ಹಗಲೆಲ್ಲ ಕೋಲಿನಿಂದ ಕೆಣಕಿ, ರಾತ್ರಿ ಹತ್ತಕ್ಕೆ ಬಿಚ್ಚಿ ಬಿಟ್ಟು, "ಒಳ್ಳೇ ಚುರುಕಾಗಿದೆ" ಎಂದು ಹೆಮ್ಮೆ ಪಡುತ್ತಿದ್ದರಂತೆ. ಅದು ಕಚ್ಚಿದ್ದರಲ್ಲಿ ಆಶ್ಚರ್ಯವೇನಿದೆ? ಅದಕ್ಕೆ ಕಲಿಸಿದ ವಿದ್ಯೆಯೇ ಅದು.

ಜಾತಿ ವಿಚಾರಿಸಿದ್ದಕ್ಕೆ ಕಾರಣವುಂಟು. ನಾಯಿ ಕಚ್ಚಿದ ಸುದ್ದಿ ಬಂದಾಗಲೆಲ್ಲ ನಮ್ಮ ದೇಶದಲ್ಲಿ ಈಗ ಮೊದಲು ಏಳುವ ಕೂಗು "ಆ ಜಾತಿಯ ನಾಯಿಯನ್ನೇ ನಿಷೇಧಿಸಿ" ಎಂಬುದು. 2022ರ ಜುಲೈ ತಿಂಗಳಲ್ಲಿ ಲಕ್ನೋ ನಗರದಲ್ಲಿ ಮನೆಯಲ್ಲಿ ಸಾಕಿದ ಪಿಟ್‌ಬುಲ್ ನಾಯಿ ಆ ಮನೆಯ ವೃದ್ಧೆಯನ್ನೇ ಕೊಂದಿತು. ಅಲ್ಲಿಂದೀಚೆಗೆ ಕೂಗು ಜೋರಾಯಿತು. ಕೊನೆಗೆ 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೂ ಒಂದು ಸುತ್ತೋಲೆ ಕಳುಹಿಸಿತು. ಪಿಟ್‌ಬುಲ್, ರಾಟ್‌ವೀಲರ್, ಮ್ಯಾಸ್ಟಿಫ್, ಟೋಸಾ ಇನು, ಡೋಗೊ ಅರ್ಜೆಂಟೀನೊ ಮೊದಲಾದ 23 ಬಗೆಯ ನಾಯಿಗಳಿಗೆ ಪರವಾನಗಿ ಕೊಡಕೂಡದು, ಅವುಗಳನ್ನು ಮಾರಕೂಡದು, ಮರಿ ಮಾಡಿಸಕೂಡದು, ಈಗಾಗಲೇ ಮನೆಗಳಲ್ಲಿರುವುದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸತಕ್ಕದ್ದು ಎಂದು ಅದರ ತಾತ್ಪರ್ಯ. ಆ ಪಟ್ಟಿಯಲ್ಲಿ "ಟೆರಿಯರ್" ಎಂಬ ಒಂದೇ ಮಾತೂ ಇತ್ತು. ಟೆರಿಯರ್ ಎಂಬ ಕುಲದಲ್ಲಿ ಚೀಲದಲ್ಲಿಟ್ಟು ಒಯ್ಯಬಹುದಾದಷ್ಟು ಪುಟ್ಟ ನಾಯಿಗಳೂ ಸೇರುತ್ತವೆ ಎಂಬುದನ್ನು ಬರೆದವರು ಯೋಚಿಸಿದಂತೆ ಕಾಣಲಿಲ್ಲ.

ನಮ್ಮ ಕರ್ನಾಟಕ ಹೈಕೋರ್ಟಿಗೆ ವಿಷಯ ಹೋಯಿತು. ನಾಯಿಗಳನ್ನು ಪಳಗಿಸುವ ಕಸುಬಿನವರೊಬ್ಬರೂ ರಾಟ್‌ವೀಲರ್ ಸಾಕಿದವರೊಬ್ಬರೂ ಅರ್ಜಿ ಹಾಕಿದ್ದರು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಮೊದಲು ಸುತ್ತೋಲೆಗೆ ತಡೆ ಕೊಟ್ಟು, 2024ರ ಏಪ್ರಿಲ್ 10ರಂದು ಅದನ್ನು ರದ್ದು ಮಾಡಿದರು. ಸಂಬಂಧಪಟ್ಟವರನ್ನು ಕೇಳದೆ, ನಿಯಮದಂತೆ ಸಮಿತಿ ರಚಿಸದೆ, ಹೀಗೆ ನಿಷೇಧ ಹೇರುವಂತಿಲ್ಲ ಎಂಬುದು ತೀರ್ಪಿನ ಸಾರ. ಎಲ್ಲರನ್ನೂ ಕೇಳಿ ಕ್ರಮವಾಗಿ ಮಾಡುವುದಾದರೆ ಮಾಡಬಹುದು ಎಂಬ ದಾರಿಯನ್ನೂ ಮುಚ್ಚಲಿಲ್ಲ. ಜೊತೆಗೆ, ಸಾಕಿದ ನಾಯಿ ಕಚ್ಚಿದರೆ ಗಾಯಾಳುವಿನ ಚಿಕಿತ್ಸೆಯ ಹೊಣೆ ಸಾಕಿದವನದೇ ಎಂದೂ ಹೇಳಿತು. ಪತ್ರಿಕೆಗಳೆಲ್ಲ ನಿಷೇಧ ಬಿದ್ದುಹೋದ ಸುದ್ದಿಯನ್ನು ದಪ್ಪ ಅಕ್ಷರದಲ್ಲಿ ಹಾಕಿದವು. ಹೊಣೆಯ ಮಾತು ಸಣ್ಣ ಅಕ್ಷರದಲ್ಲಿ ಉಳಿಯಿತು. ನಮಗೆ ಬೇಕಾದದ್ದು ಆ ಸಣ್ಣ ಅಕ್ಷರವೇ.

ಯಾಕೆಂದರೆ ಒಂದು ತಿಂಗಳು ಕಳೆಯುವುದರೊಳಗೆ, 2024ರ ಮೇ 5ರಂದು, ಮದರಾಸಿನ ಒಂದು ನಗರಪಾಲಿಕೆ ಪಾರ್ಕಿನಲ್ಲಿ ಎರಡು ರಾಟ್‌ವೀಲರ್ ನಾಯಿಗಳು ಐದು ವರ್ಷದ ಹೆಣ್ಣುಮಗುವನ್ನು ಕಚ್ಚಿ ಹರಿದವು. ಆ ಮಗು ಯಾರದು? ಅದೇ ಪಾರ್ಕಿನ ಕಾವಲುಗಾರನದು. ನಾಯಿಗಳ ಕೊರಳಲ್ಲಿ ಹಗ್ಗವಿರಲಿಲ್ಲ, ಮೂತಿಗೆ ಬುಟ್ಟಿಯಿರಲಿಲ್ಲ. "ನೋಡಿದಿರಾ, ನಿಷೇಧ ಇದ್ದಿದ್ದರೆ ಹೀಗಾಗುತ್ತಿತ್ತೆ?" ಎಂದು ಕೆಲವರು ಕೇಳಿದರು. ನಾನು ಬೇರೊಂದು ಕೇಳುತ್ತೇನೆ: ಹಗ್ಗ ಹಿಡಿಯಬೇಕಾದ ಕೈ ಎಲ್ಲಿತ್ತು? ಸಾಕಿದವರನ್ನು ಪೊಲೀಸರು ಹಿಡಿದದ್ದು ಮಗು ಆಸ್ಪತ್ರೆ ಸೇರಿದ ಮೇಲೆ. ಮೊದಲೇ ಒಂದು ದಿನ ಯಾರಾದರೂ "ಹಗ್ಗ ಎಲ್ಲಿ, ಪರವಾನಗಿ ಎಲ್ಲಿ" ಎಂದು ತಡೆದು ಕೇಳಿದ್ದರೆ ಕಾವಲುಗಾರನ ಮಗಳು ಸುಖವಾಗಿ ಆಡಿಕೊಂಡಿರುತ್ತಿದ್ದಳು.

ಜಾತಿಗೆ ಬೆಲೆಯೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಮಳವಳ್ಳಿ ಸೀಮೆಯವರಿಗೆ ತಳಿಯ ಪಾಠ ಹೇಳಲು ನಾನಾರು? ಬಂಡೂರು ಕುರಿಯ ಗುಣ ಬೇರೆ, ಹಳ್ಳಿಕಾರ್ ಎತ್ತಿನ ಗುಣ ಬೇರೆ ಎಂದು ಅಲ್ಲಿನ ಮಕ್ಕಳಿಗೂ ಗೊತ್ತು. ಕಾವಲಿಗೆಂದೋ ಕಾದಾಟಕ್ಕೆಂದೋ ತಲೆಮಾರುಗಳಿಂದ ಬೆಳೆಸಿದ ಐವತ್ತು ಕಿಲೋ ತೂಕದ ನಾಯಿ ಕಚ್ಚಿದರೆ ಆಗುವ ಗಾಯ, ಬೀದಿ ನಾಯಿ ಕಚ್ಚಿದ ಗಾಯಕ್ಕಿಂತ ಭಯಂಕರವಾದದ್ದೇ. ಆದುದರಿಂದ ಅಂಥ ನಾಯಿ ಸಾಕುವವನ ಮೇಲೆ ಹೆಚ್ಚಿನ ಕಟ್ಟುಪಾಡು ಇರತಕ್ಕದ್ದು. ಆದರೆ ಹಳ್ಳಿಕಾರ್ ಹೋರಿ ಹಾಯ್ದರೆ ಊರವರು ಹಳ್ಳಿಕಾರ್ ತಳಿಯನ್ನೇ ನಿಷೇಧಿಸಿ ಎಂದರೆ? ಇಲ್ಲ. "ಯಾರದಪ್ಪ ಹೋರಿ?" ಎಂದು ಕೇಳುತ್ತಾರೆ. ದನ ಗದ್ದೆಗೆ ಬಿದ್ದರೆ ದೊಡ್ಡಿಗೆ ಹೊಡೆಯುತ್ತಾರೆ. ದನದ ಒಡೆಯ ಬಂದು ದಂಡ ಕಟ್ಟಿ, ಮೇವಿನ ಖರ್ಚು ಕೊಟ್ಟು ಬಿಡಿಸಿಕೊಳ್ಳಬೇಕು. ಇಂಥ ದೊಡ್ಡಿಯ ಕಾನೂನು ನಮ್ಮ ದೇಶದಲ್ಲಿ 1871ರಷ್ಟು ಹಿಂದೆಯೇ ಇತ್ತು. ಅದರಲ್ಲಿ ದನದ ತಳಿಯ ಪ್ರಸ್ತಾಪವಿಲ್ಲ, ಒಡೆಯನ ಪ್ರಸ್ತಾಪವಿದೆ. ಭತ್ತದ ಪೈರಿಗೆ ಇರುವ ಈ ರಕ್ಷಣೆ ಕೂಲಿಕಾರನ ಮೀನಖಂಡಕ್ಕೆ ಯಾಕಿರಬಾರದು?

ಹೆಸರಿಟ್ಟು ನಿಷೇಧಿಸಿದ ದೇಶಗಳ ಅನುಭವವನ್ನೂ ನೋಡೋಣ. ಬ್ರಿಟನ್ 1991ರಲ್ಲಿ ಕಾನೂನು ಮಾಡಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ನಾಯಿ ಕಡಿತಕ್ಕೆ ಆಸ್ಪತ್ರೆ ಸೇರುವವರ ಸಂಖ್ಯೆ ಇಳಿಯಲಿಲ್ಲ, ಏರಿತು. ಒಂದು ಹೆಸರು ನಿಷಿದ್ಧವಾದರೆ ಖಯಾಲಿಯವರು ಇನ್ನೊಂದು ಹೆಸರಿನ ನಾಯಿ ಬೆಳೆಸಿದರು. ಮೂವತ್ತು ವರ್ಷ ಕಳೆದ ಮೇಲೆ "ಎಕ್ಸ್‌ಎಲ್ ಬುಲ್ಲಿ" ಎಂಬ ಐದನೆಯ ಹೆಸರನ್ನು ಸೇರಿಸಬೇಕಾಯಿತು. ಹಾಲೆಂಡ್ ದೇಶ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಡಿತ ಕಡಿಮೆಯಾಗದ್ದನ್ನು ಕಂಡು 2008ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ ನಿಷೇಧ ಬಂದರೆ ಏನಾದೀತು? ಹಣವಂತನು ಕಳ್ಳತನದಲ್ಲಿ ಸಾಕುತ್ತಾನೆ. ಕದ್ದು ಸಾಕಿದ ನಾಯಿಗೆ ಲಸಿಕೆಯಿಲ್ಲ, ವೈದ್ಯರಿಲ್ಲ, ಲೆಕ್ಕವಿಲ್ಲ. ದಾಳಿಯ ಸುಳಿವು ಸಿಕ್ಕ ರಾತ್ರಿ ಕಾರಿನಲ್ಲಿ ತಂದು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಬಿಟ್ಟು ಹೋಗುತ್ತಾನೆ. ಬೆಳಗ್ಗೆ ಆ ಏರಿಯ ಮೇಲೆ ಸೈಕಲ್ಲಿನಲ್ಲಿ ಬರುವವರು ಯಾರು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಕಾನೂನೇ ಇಲ್ಲವೆಂಬುದು ಸುಳ್ಳು. ಅಪಾಯಕಾರಿ ಪ್ರಾಣಿಯನ್ನು ಸರಿಯಾಗಿ ಕಟ್ಟಿಡದೆ ಅಜಾಗರೂಕತೆ ತೋರಿದವನಿಗೆ ಶಿಕ್ಷೆ ಎಂದು ಬ್ರಿಟಿಷರ ಕಾಲದ ದಂಡ ಸಂಹಿತೆಯ 289ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಅದನ್ನೇ ಹೇಳುತ್ತದೆ: ಆರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಕೆಲಸದ ವೇಳೆಯಲ್ಲಿ, ಕೆಲಸದಿಂದಾಗಿ ಆದ ಗಾಯಕ್ಕೆ ಮಾಲೀಕನು ಹೊಣೆ ಎಂಬ ತತ್ತ್ವವೂ 1923ರಷ್ಟು ಹಿಂದೆಯೇ ನಮ್ಮ ಕಾನೂನಿಗೆ ಬಂದಿದೆ. ಹಾಗಾದರೆ ಕೊರತೆ ಯಾವುದರದು? ದೂರು ಕೊಡುವ ಧೈರ್ಯದ್ದು. ನಾಳೆ ಅದೇ ಗಿರಣಿಯ ಬಾಗಿಲಿಗೆ ಕೂಲಿಗೆ ಹೋಗಬೇಕಾದವನು ಇಂದು ಠಾಣೆಯ ಮೆಟ್ಟಿಲು ಹತ್ತುವುದು ಹೇಗೆ? ಒಬ್ಬನೇ ಹತ್ತಲಾರ. ಹತ್ತು ಜನ ಜೊತೆಗೆ ಹೋದರೆ ಹತ್ತಬಲ್ಲ.

ಇನ್ನು ಬೀದಿ ನಾಯಿಯ ಪ್ರಶ್ನೆ. ಗೆಜ್ಜಲಗೆರೆಯ ಕಡೆ ಕಾರ್ಖಾನೆಯ ಬಸ್ಸು ಹಿಡಿಯಲು ನಸುಕಿನಲ್ಲಿ ನಡೆದು ಬರುವ ಹೆಣ್ಣುಮಕ್ಕಳನ್ನು ಕೇಳಿದರೆ, ಬಂಗಲೆಯ ನಾಯಿಗಿಂತ ಬೀದಿಯ ನಾಯಿಯದೇ ಹೆಚ್ಚು ಕಾಟ ಎನ್ನುತ್ತಾರೆ. ಅದು ನಿಜ. ಆದರೆ ಅದಕ್ಕೆ ಒಡೆಯನಿಲ್ಲ ಎಂಬುದು ನಿಜವಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುವ ಹೊಣೆ ಸ್ಥಳೀಯ ಸಂಸ್ಥೆಯದು. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರ ಆದೇಶದಲ್ಲಿ ಇದೇ ಕ್ರಮವನ್ನು ಎತ್ತಿಹಿಡಿದು, ಹುಚ್ಚು ಹಿಡಿದ ಹಾಗೂ ಮೈಮೇಲೆ ಬೀಳುವ ನಾಯಿಗಳನ್ನು ಮರಳಿ ಬೀದಿಗೆ ಬಿಡಕೂಡದೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವು ಮಾಡಲು ಹೇಳಿತು. ಅಂದರೆ ಬಂಗಲೆಯ ನಾಯಿಗೆ ಬಂಗಲೆಯವನು ಒಡೆಯನಾದರೆ ಬೀದಿಯ ನಾಯಿಗೆ ಪುರಸಭೆಯೇ ಒಡೆಯ. ಇಬ್ಬರನ್ನೂ ಒಂದೇ ದನಿಯಲ್ಲಿ ಕೇಳಬೇಕು.

ಹಾಗೆ ಕೇಳುವಾಗ ನಮ್ಮ ಮನೆಯ ಬಾಗಿಲನ್ನೂ ನೋಡಿಕೊಳ್ಳಬೇಕು. ಕೋಳಿ ಅಂಗಡಿಯ ಪುಕ್ಕ, ಕರುಳು, ಹೋಟೆಲಿನ ಎಂಜಲು ರಾತ್ರಿ ಚರಂಡಿಗೆ ಬಿದ್ದರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಹತ್ತು ನಾಯಿಗಳ ಪಡೆ ಕಟ್ಟಿಕೊಳ್ಳುತ್ತದೆ. ಸಣ್ಣ ವ್ಯಾಪಾರಿ ಬಂಧುಗಳೇ, ಅದು ನಮ್ಮ ಅಂಗಡಿಯಿಂದಲೇ ಆಗುತ್ತಿದ್ದರೆ ನಾವೂ ಆ ನಾಯಿಗಳ ಪಾಲುದಾರ ಒಡೆಯರು. ಕಸದ ಗಾಡಿ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬ ನಿಮ್ಮ ದೂರು ನ್ಯಾಯವಾದದ್ದು. ಆ ದೂರನ್ನು ಪುರಸಭೆಗೆ ಬರೆದು ಕೊಡಿ. ಚರಂಡಿಗೆ ಬರೆದು ಕೊಡಬೇಡಿ!

ಹಾಗಾದರೆ ನಾವು ಕೇಳತಕ್ಕದ್ದು ಏನು? ಮೊದಲನೆಯದು, ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಊರುಗಳಲ್ಲೂ ಸಾಕಿದ ನಾಯಿಗಳ ವಾರ್ಡುವಾರು ದಾಖಲೆ, ಕೊರಳಿಗೆ ಬಿಲ್ಲೆ, ವರ್ಷಕ್ಕೊಮ್ಮೆ ಲಸಿಕೆಯ ಚೀಟಿ. ಕುರಿ ಕಾಯುವವನ ನಾಯಿಗೂ ಗುಡಿಸಲಿನ ನಾಯಿಗೂ ಇದು ಬಿಟ್ಟಿಯಾಗಿರಲಿ, ಶುಲ್ಕದ ಭಾರ ಬಂಗಲೆಯ ಮೇಲೂ ಗೋದಾಮಿನ ಮೇಲೂ ಬೀಳಲಿ. ಎರಡನೆಯದು, ಭಾರಿ ನಾಯಿ ಯಾವ ಜಾತಿಯದೇ ಆಗಲಿ, ಒಂದು ಸಲ ಕಚ್ಚಿದ ನಾಯಿ ಎಷ್ಟೇ ಸಣ್ಣದಾಗಲಿ, ಹಗ್ಗವೂ ಮೂತಿಬುಟ್ಟಿಯೂ ಇಲ್ಲದೆ ಬೀದಿಗೆ ಬರಕೂಡದು. ಮೂರನೆಯದು, ಸಾಕಿದ ನಾಯಿ ಕಚ್ಚಿದರೆ ಚಿಕಿತ್ಸೆಯ ಖರ್ಚಿನ ಜೊತೆಗೆ ಹೋದ ಕೂಲಿಯನ್ನೂ ಸಾಕಿದವನು ಕಟ್ಟಿಕೊಡತಕ್ಕದ್ದು. ನಾಲ್ಕನೆಯದು, ಬೀದಿ ನಾಯಿಗಳ ಶಸ್ತ್ರಚಿಕಿತ್ಸೆ, ಲಸಿಕೆಗೆಂದು ಇಟ್ಟ ಹಣವೆಷ್ಟು, ಖರ್ಚಾದದ್ದೆಷ್ಟು, ಎಷ್ಟು ನಾಯಿಗೆ ಎಂಬ ಲೆಕ್ಕ ಪ್ರತಿ ಆರು ತಿಂಗಳಿಗೊಮ್ಮೆ ಪುರಸಭೆಯ ಬಾಗಿಲಲ್ಲಿ ತೂಗಬೇಕು.

ಅದು ಆಗುವವರೆಗೆ ಒಂದು ಮಾತು ನೆನಪಿರಲಿ. ನಾಯಿ ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ನಾಟಿ ಔಷಧಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಚುಚ್ಚುಮದ್ದನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿಯಿಲ್ಲ. ಒಂದು ದಿನದ ಕೂಲಿ ಉಳಿಸಲು ಹೋಗಿ ಜೀವ ಕಳೆದುಕೊಳ್ಳಬಾರದು.

ಆ ಹಿರಿಯರ ಜೊತೆ ಮರುದಿನ ನಾವು ಎಂಟು ಜನ ಗಿರಣಿಗೆ ಹೋದೆವು. ಜಗಳವಾಡಲಿಲ್ಲ, ಘೋಷಣೆ ಕೂಗಲಿಲ್ಲ. ಆಸ್ಪತ್ರೆಯ ಚೀಟಿಯನ್ನೂ ಕೂಲಿಯ ಲೆಕ್ಕವನ್ನೂ ಮೇಜಿನ ಮೇಲಿಟ್ಟೆವು. "ನಾಯಿ ಕಚ್ಚಿದ್ದಕ್ಕೆ ನಾನೇನು ಮಾಡಲಿ, ಅದು ಮೂಕ ಪ್ರಾಣಿ" ಎಂದರು ಮಾಲೀಕರು. "ಮೂಕ ಪ್ರಾಣಿಯೆಂದೇ ನಿಮ್ಮನ್ನು ಕೇಳುತ್ತಿದ್ದೇವೆ" ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹತ್ತು ದಿನದ ಕೂಲಿ ಎಣಿಸಿಕೊಟ್ಟರು. ಈಗ ಆ ಗೇಟಿನ ಒಳಗೆ ನಾಯಿಗೆ ಬೇಲಿ ಹಾಕಿದ ಜಾಗವಿದೆ, ಎರಡು ಹೊತ್ತಿನ ಅನ್ನವಿದೆ, ಪಾಳಿ ಬಿಡುವ ಹೊತ್ತಿನಲ್ಲಿ ಬೇಲಿಯ ಬಾಗಿಲು ಮುಚ್ಚಿರುತ್ತದೆ. ನಾಯಿ ಅದೇ, ಅದರ ಜಾತಿಯೂ ಅದೇ. ಬದಲಾದದ್ದು ಸಾಕಿದವರ ನಡತೆ.