ಪ್ರೊಪೆಲ್ಲರ್ ಕಳಚದ ದೋಣಿ

ಟೇಬಲ್ ಫ್ಯಾನಿನ ರೆಕ್ಕೆ ಒರೆಸಲು ಹೊರಟವರಿಗೆ ಗೊತ್ತು: ಅನೇಕ ಫ್ಯಾನುಗಳಲ್ಲಿ ನಡುವಿನ ತಿರುಪನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚುವ ಬದಲು ಬಿಗಿಯಾಗುತ್ತದೆ. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ತಯಾರಕರು ಹೀಗೇಕೆ ಮಾಡಿದರು? ವಿಜ್ಞಾನ ಪ್ರದರ್ಶನಕ್ಕೆಂದು ಮೋಟಾರು ದೋಣಿ ಮಾಡುವ ಮಕ್ಕಳಿಗೆ ಈ ಉತ್ತರ ಬಹಳ ಬೇಕಾದದ್ದು.

ಇಂಥ ದೋಣಿಯಲ್ಲಿ ಮೋಟಾರಿನಿಂದ ಹೊರಟ ಉಕ್ಕಿನ ಶಾಫ್ಟು ಕೊಳವೆಯೊಂದರ ಮೂಲಕ ಹಾದು ಹಿಂಬದಿಯಲ್ಲಿ ನೀರಿಗಿಳಿಯುತ್ತದೆ. ತುದಿಯಲ್ಲಿ ಥ್ರೆಡ್ ಇರುತ್ತದೆ, ಹೆಚ್ಚಾಗಿ 4 ಮಿ.ಮೀ.ನದು. ಹಿತ್ತಾಳೆಯ ಪ್ರೊಪೆಲ್ಲರನ್ನು ಅದಕ್ಕೆ ತಿರುಗಿಸಿ ಕೂರಿಸಿದರೆ ಕೆಲಸ ಮುಗಿಯಿತೆಂದು ಹುಡುಗರು ತಿಳಿಯುತ್ತಾರೆ. ಮನೆಯ ಟಬ್ಬಿನಲ್ಲಿ ದೋಣಿ ಸೊಗಸಾಗಿ ಓಡುತ್ತದೆ. ಕೆರೆಯ ನಡುವೆ ಹೋಗಿ ನಿಂತುಬಿಡುತ್ತದೆ. ಮೋಟಾರು ಗುಂಯ್‌ಗುಡುತ್ತಲೇ ಇರುತ್ತದೆ, ಪ್ರೊಪೆಲ್ಲರ್ ಮಾತ್ರ ಕೆಸರು ಸೇರಿರುತ್ತದೆ. ಆಗ ದೋಣಿ ತರಲು ಹುಡುಗರು ಹಿಂದುಮುಂದು ನೋಡದೆ ನೀರಿಗಿಳಿಯುತ್ತಾರೆ. ತಂದೆತಾಯಿ ಹೆದರಬೇಕಾದದ್ದು ಇದಕ್ಕೆ.

ಕಳಚಿದ್ದೇಕೆ? ಶಾಫ್ಟು ತಿರುಗುವಾಗ ನೀರು ಪ್ರೊಪೆಲ್ಲರನ್ನು ತಡೆಯುತ್ತದೆ. ಅಂದರೆ ಪ್ರೊಪೆಲ್ಲರ್ ಸದಾ ಶಾಫ್ಟಿಗಿಂತ ಹಿಂದುಳಿಯಲು ನೋಡುತ್ತದೆ. ಹಿಂದಿನಿಂದ ನೋಡಿದಾಗ ಶಾಫ್ಟು ಗಡಿಯಾರದ ಮುಳ್ಳಿನಂತೆ ತಿರುಗುತ್ತಿದ್ದರೆ, ಈ ಹಿಂದುಳಿಯುವಿಕೆಯು ಪ್ರೊಪೆಲ್ಲರನ್ನು ಎಡಕ್ಕೆ ತಿರುಗಿಸಿದಂತೆಯೇ. ಥ್ರೆಡ್ ಮಾಮೂಲಿನದಾದರೆ ಅದು ಬಿಚ್ಚಿಕೊಳ್ಳುವ ದಿಕ್ಕು! ಫ್ಯಾನಿನಲ್ಲೂ ಸ್ವಿಚ್ ಹಾಕಿದೊಡನೆ ತಿರುಪು ಹಿಂದುಳಿಯುತ್ತದೆ. ಅಲ್ಲಿ ಥ್ರೆಡ್ಡನ್ನೇ ತಿರುವುಮುರುವು ಮಾಡಿದ್ದರಿಂದ ಅದು ಬಿಗಿಯಾಗುತ್ತದೆ. ದೋಣಿಗೆ ಈ ಉಪಾಯ ಸಾಲದು. ಫ್ಯಾನು ಒಂದೇ ಕಡೆಗೆ ತಿರುಗುತ್ತದೆ, ದೋಣಿಯೋ ಹಿಂದಕ್ಕೂ ಚಲಿಸಬೇಕು.

ಆದ್ದರಿಂದ ಚೆಕ್‌ನಟ್ ಬೇಕು. ಸೈಕಲ್ ಅಂಗಡಿಯವರು ಚಕ್ರದ ಕೋನಿನ ಮೇಲೆ ಹಾಕುವುದೂ ಇದನ್ನೇ. ಮೊದಲು ನಟ್ಟನ್ನು ಶಾಫ್ಟಿನ ಥ್ರೆಡ್ಡಿಗೆ ಏರಿಸಿ, ಅದರ ಹಿಂದೆ ಪ್ರೊಪೆಲ್ಲರ್ ಏರಿಸಬೇಕು. ನಟ್ಟು ಕೊಳವೆಯ ಬಾಯಿಗೆ ಉಜ್ಜದಂತೆ ಕೂದಲೆಳೆಯಷ್ಟು ಎಡೆ ಇರಲಿ. ಈಗ ಪ್ರೊಪೆಲ್ಲರನ್ನು ದಪ್ಪ ಬಟ್ಟೆಯಲ್ಲಿ ಹಿಡಿದು, ಸ್ಪ್ಯಾನರಿನಿಂದ ನಟ್ಟನ್ನು ಅದರ ಕಡೆಗೇ ತಿರುಗಿಸಿ ಒತ್ತಬೇಕು. ಎರಡೂ ಒಂದನ್ನೊಂದು ದೂಡುತ್ತ ಥ್ರೆಡ್ಡಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಆ ಘರ್ಷಣೆಯೇ ಬೀಗ.

ಇನ್ನೂ ಭದ್ರತೆ ಬೇಕೆಂದರೆ ಥ್ರೆಡ್ ಅಂಟಿನ ಒಂದು ಹನಿ. ಅಮೆರಿಕದ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಬಗೆಯದಿದು. ಗಾಳಿ ಇಲ್ಲದೆಡೆ, ಲೋಹ ತಾಗಿದಾಗ ಮಾತ್ರ ಗಟ್ಟಿಯಾಗುವುದು ಇದರ ವಿಚಿತ್ರ ಗುಣ. ಸೀಸೆಯನ್ನು ಪೂರ್ತಿ ತುಂಬಿಸದೆ ಮಾರುವುದೂ ಇದಕ್ಕಾಗಿಯೇ. ಅಂಗಡಿಯವನು ಮೋಸ ಮಾಡಿದನೆಂದು ಬೈಯಬೇಡಿ! ಹಚ್ಚುವ ಮುನ್ನ ಗ್ರೀಸನ್ನು ಪೂರಾ ಒರೆಸಬೇಕು. ಪ್ಲಾಸ್ಟಿಕ್ ಪ್ರೊಪೆಲ್ಲರಿಗೆ ಇದು ಬೇಡ. ಕೆಲವು ಪ್ಲಾಸ್ಟಿಕ್ಕುಗಳು ಬಿರುಕು ಬಿಡುತ್ತವೆ.

ಮೋಟಾರಿನ ಕಡೆ ಶಾಫ್ಟನ್ನು ಸಣ್ಣ ಸ್ಕ್ರೂ ಹಿಡಿದಿದ್ದರೆ, ಅದು ಕೂರುವ ಜಾಗವನ್ನು ಅರದಿಂದ ಚಪ್ಪಟೆ ಮಾಡಿ. ದುಂಡನೆಯ ಕಂಬಿಯ ಮೇಲೆ ಸ್ಕ್ರೂ ಜಾರುತ್ತದೆ.

ಕೊನೆಗೆ ಅಕ್ಕನ ಉಗುರುಬಣ್ಣ ಕೇಳಿ ತಂದು, ನಟ್ಟಿನಿಂದ ಪ್ರೊಪೆಲ್ಲರಿನವರೆಗೆ ಒಂದೇ ಗೆರೆ ಎಳೆಯಿರಿ. ಟಬ್ಬಿನಲ್ಲಿ ಬೆರಳು ದೂರವಿಟ್ಟು ದೋಣಿಯನ್ನು ಹಿಡಿದು, ಹತ್ತು ಸಲ ಮುಂದಕ್ಕೂ ಹಿಂದಕ್ಕೂ ಓಡಿಸಿ. ಬ್ಯಾಟರಿ ತೆಗೆದು ನೋಡಿದಾಗ ಗೆರೆ ಮುರಿದಿದ್ದರೆ ಆ ದೋಣಿ ಕೆರೆಗೆ ಹೋಗುವಂತಿಲ್ಲ.