ಕಣ್ವರನ್ನು ಕಾಳಿದಾಸರನ್ನಾಗಿ ಮಾಡಬೇಡಿ

ನಮ್ಮ ಜಿಲ್ಲೆಯ ಸಾಹಿತ್ಯಸಭೆಗಳಲ್ಲಿ ಒಂದು ರೂಢಿ ಬೆಳೆದುಬಂದಿದೆ. ಸಭೆ ತುಮಕೂರಿನಲ್ಲಿ ಸೇರಲಿ, ಗುಬ್ಬಿಯಲ್ಲಿ ಸೇರಲಿ, ಕುಣಿಗಲಿನಲ್ಲಿ ಸೇರಲಿ, ಮೊದಲ ಭಾಷಣಕಾರರು ಎದ್ದು ಕೈಮುಗಿದು, ಈ ನೆಲದಲ್ಲಿ ಹುಟ್ಟಿದ ಹಿರಿಯರ ಹೆಸರುಗಳನ್ನು ಸಹಸ್ರನಾಮದಂತೆ ಪಠಿಸುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಬಿರುದು: ಮಹಾಕವಿ, ಯುಗಪುರುಷ, ಯುಗಪ್ರವರ್ತಕ. ಚಪ್ಪಾಳೆ ಬೀಳುತ್ತದೆ, ಉಪ್ಪಿಟ್ಟು ಕಾಫಿ ಆಗುತ್ತದೆ, ಸಭೆ ಮುಗಿಯುತ್ತದೆ. ಆ ಹಿರಿಯರ ಒಂದು ಪದ್ಯವನ್ನಾದರೂ ಬಿಡಿಸಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಮೇಷ್ಟರ ಕೆಲಸದಲ್ಲಿ ಆಯುಷ್ಯ ಕಳೆದ ನಾನು ಇಂಥ ಸಭೆಗಳಲ್ಲಿ ಕೂತು ಕೂತು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಅದನ್ನು ಇಲ್ಲಿ ಬಿಚ್ಚಿ ಹೇಳುತ್ತೇನೆ. ಮುನಿಯುವವರು ಪೂರ್ತಿ ಓದಿದ ಮೇಲೆ ಮುನಿಯಲಿ.

ಕನ್ನಡದಲ್ಲಿ ಯೋಗ್ಯತೆಗಿಂತ ಹೆಚ್ಚಾಗಿ ಹೊಗಳಿಸಿಕೊಂಡ ಕವಿ ಯಾರು ಎಂದು ಯಾರಾದರೂ ಕೇಳಿದರೆ, ದೂರದ ಊರಿನವರತ್ತ ಬೆರಳು ತೋರಿಸುವುದು ಸುಲಭ. ನಾನು ಹಾಗೆ ಮಾಡುವುದಿಲ್ಲ. ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರ ಹೆಸರನ್ನೇ ಹೇಳುತ್ತೇನೆ. ಶ್ರೀಯವರು ದೊಡ್ಡವರು, ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅವರು ದೊಡ್ಡವರಾದದ್ದು ಯಾವುದರಲ್ಲಿ ಎಂಬುದನ್ನು ನಾವು ತಪ್ಪಾಗಿ ಹೇಳಿಕೊಂಡು ಬಂದಿದ್ದೇವೆ. ಅವರು ದೊಡ್ಡ ಗುರು, ದೊಡ್ಡ ದಾರಿಗಾರ, ದೊಡ್ಡ ಕವಿಯಲ್ಲ.

ಹಿಂದಿನವರಿಗೆ ಈ ವಿವೇಕವಿತ್ತು. ಅವರು ಶ್ರೀಯವರನ್ನು 'ಕನ್ನಡದ ಕಣ್ವ' ಎಂದು ಕರೆದರು. ಎಷ್ಟು ತೂಕವಾದ ಬಿರುದು! ಕಣ್ವರು ಶಕುಂತಲೆಯನ್ನು ಹೆತ್ತವರಲ್ಲ. ಹಕ್ಕಿಗಳ ನಡುವೆ ಬಿದ್ದಿದ್ದ ಕೂಸನ್ನು ಎತ್ತಿ ತಂದು, ಸಾಕಿ ಸಲಹಿ, ಹೋಗಬೇಕಾದ ಮನೆಗೆ ಕಳಿಸಿಕೊಟ್ಟವರು. ನಾಟಕ ಬರೆದವನು ಕಾಳಿದಾಸ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಹೊಸಗನ್ನಡವನ್ನು ಎತ್ತಿ ಸಾಕಿದ ಶ್ರೀಯವರಿಗೆ ಕಣ್ವರ ಪಟ್ಟ ಸಲ್ಲುತ್ತದೆ. ಅವರ ಶಿಷ್ಯರಲ್ಲಿ ಕುವೆಂಪು ಇದ್ದರು. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರಿದ್ದರು. ಇಂಥ ಶಿಷ್ಯರನ್ನು ಪಡೆದ ಗುರುವಿಗೆ ಮತ್ತೊಂದು ಕಿರೀಟ ಏಕೆ ಬೇಕು? ನಾವೋ ಕಣ್ವರನ್ನು ಆಶ್ರಮದಿಂದ ಎಬ್ಬಿಸಿ ಕಾಳಿದಾಸನ ಪೀಠದ ಮೇಲೆ ಕೂರಿಸಿದ್ದೇವೆ. ಪೀಠ ಅವರಿಗೆ ಹೊಂದುವುದಿಲ್ಲ. ಅವರೂ ಅದನ್ನು ಕೇಳಿದವರಲ್ಲ.

ಆಧಾರವೇನು ಎನ್ನುತ್ತೀರಿ. ಮೊದಲು 'ಇಂಗ್ಲಿಷ್ ಗೀತಗಳು'. ಈ ಪುಸ್ತಕದಿಂದ ಕನ್ನಡ ಕಾವ್ಯದ ನಡಿಗೆ ಬದಲಾಯಿತು; ಕಂದ, ವೃತ್ತಗಳ ಗಡಿ ದಾಟಿ ಹೊಸ ಲಯಗಳು ಬಂದವು; ಇದು ಚರಿತ್ರೆ. ಆದರೆ ಚರಿತ್ರೆಯ ಮಾತನ್ನು ಬದಿಗಿಟ್ಟು ಒಂದು ಸಂಜೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ನೋಡಿ. ನ್ಯೂಮನ್ನನ ಪ್ರಾರ್ಥನೆಯ ಕನ್ನಡ ರೂಪ ಇಂದಿಗೂ ಶಾಲೆಗಳಲ್ಲಿ, ಮನೆಗಳಲ್ಲಿ ಹಾಡಾಗಿ ಉಳಿದಿದೆ. ಅದು ಅನುವಾದವೆಂಬುದೇ ಹಾಡುವವರಿಗೆ ಮರೆತುಹೋಗಿದೆ. ಅದಕ್ಕಿಂತ ದೊಡ್ಡ ಗೆಲುವಿಲ್ಲ. ಹುಡ್‌ನ ಕವನದಿಂದ ಬಂದ 'ದುಃಖಸೇತು'ವಿನಲ್ಲಿಯೂ ಉಸಿರಿದೆ. ಆದರೆ ಇಂಥವು ಎಷ್ಟು? ಉಳಿದ ಬಹುಪಾಲಿನಲ್ಲಿ ಮೂಲದ ಹಳೆಯ ಕಣ್ಣೀರು ಹಾಗೆಯೇ ಉಳಿದಿದೆ, ಮೂಲದ ಮಾತಿನ ಸೊಗಸು ಮಾತ್ರ ಹಡಗಿನಲ್ಲೇ ನಿಂತುಹೋಗಿದೆ. ಹೊಸ ಛಂದಸ್ಸನ್ನು ಪಳಗಿಸುವ ಸಾಧನೆಯ ಪಾಠಗಳೆಂದರೆ ಅವುಗಳಿಗೆ ಬೆಲೆಯುಂಟು. ಮಹಾಕವಿಯ ಕೃತಿಗಳೆಂದರೆ ಆ ಬೆಲೆಯೂ ಕೆಡುತ್ತದೆ.

ಎರಡನೆಯದು 'ಅಶ್ವತ್ಥಾಮನ್'. 1929ರ ಈ ನಾಟಕ ಸೋಫೋಕ್ಲಿಸನ 'ಏಜಾಕ್ಸ್'ನ ಮಾದರಿಯಲ್ಲಿ ರಚಿತವಾದದ್ದು. ಚಿರಂಜೀವಿಯೆಂದು ಪುರಾಣ ನಂಬಿದವನನ್ನು ರಂಗದ ಮೇಲೆ ಆತ್ಮಹತ್ಯೆ ಮಾಡಿಸುವ ಎದೆಗಾರಿಕೆ ಸಾಮಾನ್ಯವಲ್ಲ. ಆ ಆಲೋಚನೆಗೆ ನಾನು ತಲೆಬಾಗುತ್ತೇನೆ. ಆದರೆ ಮಾತು? 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ನಿಂತು 'ಕನ್ನಡ ಮಾತು ತಲೆಯೆತ್ತುವ ಬಗೆ'ಯನ್ನು ಹೇಳಿದವರು, ಜನರಾಡುವ ಕನ್ನಡದ ಪರವಾಗಿ ಪಂಡಿತರನ್ನು ಎದುರುಹಾಕಿಕೊಂಡವರು, ತಮ್ಮ ರುದ್ರನಾಟಕವನ್ನು ಬರೆದದ್ದು ಹಳಗನ್ನಡದ ಬಿಗುವಿನಲ್ಲಿ! ಓದುವ ಕೋಣೆಯಲ್ಲಿ ಅದು ಗಂಭೀರ. ರಂಗದ ಮೇಲೆ ಅದು ಉಪನ್ಯಾಸ. ಸಾಹಿತ್ಯ ಚರಿತ್ರೆಕಾರರು ಇದಕ್ಕೆ ಪುಟಗಟ್ಟಲೆ ಜಾಗ ಕೊಟ್ಟರು. ಟಿಕೆಟ್ಟು ಕೊಂಡು ನೋಡಿ ಮೈಮರೆತ ಪ್ರೇಕ್ಷಕರು ಎಷ್ಟು ಮಂದಿ ಎಂದು ಕೇಳಲಿಲ್ಲ.

ಅತ್ತ, ಶ್ರೀಯವರು ಹುಟ್ಟಿದ 1884ರಲ್ಲೇ ಪಕ್ಕದ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದು ನಾಡೆಲ್ಲ ಸುತ್ತಿತು. ಆ ಕಂಪನಿಗೆ 'ಕೃಷ್ಣಲೀಲೆ' ಬರೆದುಕೊಟ್ಟವರು ಬೆಳ್ಳಾವೆ ನರಹರಿಶಾಸ್ತ್ರಿಗಳು. 1934ರಲ್ಲಿ ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಮಾತು, ಹಾಡುಗಳೂ ಅವರವೇ. ಅಕ್ಷರ ಬಾರದ ಜನರೂ ಕನ್ನಡದ ಮಾತಿಗೆ ಕಿವಿಗೊಟ್ಟು ರಾತ್ರಿಯಿಡೀ ಕೂರುವಂತೆ ಮಾಡಿದ ಈ ಲೇಖಕರಿಗೆ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಸಿಕ್ಕಿರುವುದು ಹೆಚ್ಚೆಂದರೆ ಒಂದೆರಡು ಸಾಲು. ಕಂಪನಿ ನಾಟಕಗಳಲ್ಲಿ ಜಾಳು ಬಹಳವೆಂದು ನಾನೂ ಬಲ್ಲೆ. ಶಾಸ್ತ್ರಿಗಳನ್ನು ಮಹಾಕವಿ ಮಾಡಿ ಎಂದು ಕೇಳುವುದೂ ಇಲ್ಲ. ನಾನು ಹೇಳುವುದು ಇಷ್ಟೇ: ಒಬ್ಬರ ತಕ್ಕಡಿಗೆ ಅತಿಯಾಗಿ ಸುರಿದಾಗ, ಇನ್ನೊಬ್ಬರ ತಕ್ಕಡಿ ತಾನಾಗಿ ಮೇಲಕ್ಕೆ ಹೋಗುತ್ತದೆ, ಹಗುರವೆಂದು ಕಾಣುತ್ತದೆ.

ನವೋದಯದ ಕಥೆಯಲ್ಲೂ ಇದೇ ಅನ್ಯಾಯವಾಗಿದೆ. ಹೊಸ ಕಾವ್ಯವೆಂಬುದು ಶ್ರೀಯವರ ಮೇಜಿನ ಮೇಲೆ ಒಂದು ಬೆಳಗ್ಗೆ ಹುಟ್ಟಿತೆಂಬಂತೆ ಮಾತಾಡುತ್ತೇವೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟಿದ್ದರು. ಹಟ್ಟಿಯಂಗಡಿ ನಾರಾಯಣರಾಯರ 'ಆಂಗ್ಲ ಕವಿತಾವಳಿ' 1919ರಲ್ಲೇ ಬಂದಿತ್ತು. ಪಂಜೆ ಮಂಗೇಶರಾಯರು ಮಕ್ಕಳ ಬಾಯಿಗೆ ಹೊಸ ಹಾಡು ಕೊಡುತ್ತಿದ್ದರು. ಕರಾವಳಿಯ ಈ ಹಿರಿಯರು ಕಡಿದ ಹಾದಿಯನ್ನು ಶ್ರೀಯವರು ಹೆದ್ದಾರಿ ಮಾಡಿದರು ಎಂದರೆ ಸತ್ಯವೂ ಆಯಿತು, ಗೌರವವೂ ಆಯಿತು. ಹಾದಿಯೇ ಅವರದೆಂದರೆ ಮೂವರಿಗೆ ದ್ರೋಹವಾಯಿತು.

"ಅಂಥವರನ್ನು ತೂಗಲು ನೀವು ಯಾರು?" ಎಂಬ ಪ್ರಶ್ನೆ ಈಗಾಗಲೇ ಕೆಲವರ ನಾಲಗೆಯ ತುದಿಗೆ ಬಂದಿರಬೇಕು. ನಾನು ಓದುಗ, ಅಷ್ಟು ಸಾಕು. ನಮ್ಮ ತೀ.ನಂ.ಶ್ರೀಯವರೇ 1953ರ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಸಹೃದಯನೆಂದರೆ ಯಾರೆಂದು ವಿಸ್ತಾರವಾಗಿ ವಿಚಾರ ಮಾಡಿದ್ದಾರೆ. ರುಚಿ ನೋಡದೆ ಅಡುಗೆ ಹೊಗಳುವವನು ಸಹೃದಯನಲ್ಲ, ಭಟ್ಟಂಗಿ. ರುಚಿ ನೋಡದೆ ತೆಗಳುವವನೂ ಅವನ ಅಣ್ಣತಮ್ಮನೇ. 2012ರಲ್ಲಿ ಗಿರೀಶ ಕಾರ್ನಾಡರು, ರವೀಂದ್ರನಾಥ ಟಾಗೋರರು ಶ್ರೇಷ್ಠ ಕವಿಗಳಾದರೂ ನಾಟಕಕಾರರಾಗಿ ಎರಡನೆಯ ದರ್ಜೆಯವರೆಂದು ಹೇಳಿದಾಗ ಎಷ್ಟು ಗದ್ದಲವಾಯಿತು! ಗದ್ದಲ ಮಾಡಿದವರಲ್ಲಿ ಟಾಗೋರರ ಯಾವ ನಾಟಕದ ಯಾವ ಅಂಕ ಹೇಗೆ ಗೆಲ್ಲುತ್ತದೆಂದು ವಿವರಿಸಿದವರು ವಿರಳ. ಹೆಸರಿಗೆ ಅಪಚಾರವಾಯಿತೆಂಬುದೇ ಕೂಗು. ಕಾರ್ನಾಡರ ಮಾತು ಸರಿಯೋ ತಪ್ಪೋ, ಅದು ಕೃತಿಯ ಮೇಲಿನ ಮಾತಾಗಿತ್ತು. ಉತ್ತರ ಬಂದದ್ದು ಫೋಟೋದ ಪರವಾಗಿ.

"ಕಾಲವೇ ತೀರ್ಮಾನಿಸುತ್ತದೆ, ನಮಗೇಕೆ ಚಿಂತೆ?" ಎನ್ನುವ ಸಾಧುಗಳೂ ಇದ್ದಾರೆ. ಕಾಲ ಒಂಟಿಯಾಗಿ ಕೆಲಸ ಮಾಡುವುದಿಲ್ಲ ಸ್ವಾಮಿ. ಪಠ್ಯಪುಸ್ತಕ ಸಮಿತಿ, ಜಯಂತಿ, ಪ್ರತಿಮೆ, ಪ್ರಶಸ್ತಿಗಳೆಲ್ಲ ಕಾಲದ ಕೈಹಿಡಿದು ಬರೆಸುತ್ತವೆ. ಇವೊಂದರ ಸಹಾಯವೂ ಇಲ್ಲದೆ ಬಾಳಿದ್ದನ್ನು ನೋಡಬೇಕಾದರೆ ಕುಣಿಗಲ್ ಕೆರೆಯ ಜನಪದ ಹಾಡನ್ನು ನೋಡಿ. ಅದನ್ನು ಕಟ್ಟಿದವರ ಹೆಸರಿಲ್ಲ, ಬಿರುದಿಲ್ಲ, ಜಯಂತಿಯಿಲ್ಲ. ಆದರೂ ಕುಣಿಗಲನ್ನು ಕಣ್ಣಿಂದ ಕಾಣದವರೂ ಅದನ್ನು ಹಾಡುತ್ತಾರೆ. ಮತ್ತೊಂದು ಕಡೆ ಗುಬ್ಬಿಯ ಮಲ್ಲಣಾರ್ಯನಿದ್ದಾನೆ: 1513ರಲ್ಲಿ 'ಭಾವಚಿಂತಾರತ್ನ' ಬರೆದವನು. ಅವನ ಹೆಸರು ಹೇಳಿ ಎದೆಯುಬ್ಬಿಸುವವರಲ್ಲಿ ಅವನ ಕಾವ್ಯವನ್ನು ಬಿಚ್ಚಿದವರು ಎಷ್ಟು ಮಂದಿ? ಓದದೆ ಹೊಗಳುವುದು ಎರಡನೆಯ ಸಾವು. ಮರೆತರಾದರೂ ಯಾರೋ ಒಬ್ಬ ಹುಡುಗ ಅಟ್ಟದ ಮೇಲೆ ಹುಡುಕಿ ತೆಗೆದಾನು.

ಇದು ಪಂಡಿತರ ಮನೆಯ ಜಗಳವೆಂದು ವಾಚಕರು ತಿಳಿಯಬಾರದು. ನಷ್ಟವಾಗುವುದು ನಮ್ಮ ಮಕ್ಕಳಿಗೆ. ಹದಿನೇಳು ವರ್ಷದ ಹುಡುಗಿಯೊಬ್ಬಳ ಕೈಗೆ ಒಂದು ಸಪ್ಪೆ ಪದ್ಯ ಕೊಟ್ಟು, "ಇದು ಮಹಾಕವಿಯದು" ಎಂದು ಹೇಳುತ್ತೇವೆ. ಅವಳಿಗೆ ಅದು ಸಪ್ಪೆಯೆನಿಸುತ್ತದೆ. ಆಗ ಅವಳಿಗೆ ಎರಡೇ ದಾರಿ: ತನಗೆ ಬುದ್ಧಿಯಿಲ್ಲವೆಂದುಕೊಳ್ಳುವುದು, ಇಲ್ಲವೆ ಕನ್ನಡ ಕಾವ್ಯವೇ ಇಷ್ಟೆಂದುಕೊಳ್ಳುವುದು. ಎರಡರಲ್ಲಿ ಯಾವುದನ್ನು ಹಿಡಿದರೂ ಅವಳು ಮತ್ತೆ ಕನ್ನಡ ಪುಸ್ತಕ ಮುಟ್ಟುವುದಿಲ್ಲ. ನನ್ನ ತರಗತಿಗಳಲ್ಲಿ ಇದನ್ನು ಎಷ್ಟೋ ವರ್ಷ ಕಣ್ಣಾರೆ ಕಂಡಿದ್ದೇನೆ. ಮೂರನೆಯ ದಾರಿಯೊಂದುಂಟು: "ನಿನ್ನ ನಾಲಗೆ ಸುಳ್ಳು ಹೇಳುತ್ತಿಲ್ಲ, ಈ ಪದ್ಯ ಸಪ್ಪೆಯೇ ಹೌದು, ಆದರೆ ಇದು ಬಾರದಿದ್ದರೆ ಮುಂದಿನ ಆ ಪದ್ಯ ಬರುತ್ತಿರಲಿಲ್ಲ" ಎಂದು ಹೇಳುವುದು. ಆಗ ಶ್ರೀಯವರೂ ಉಳಿಯುತ್ತಾರೆ, ಹುಡುಗಿಯೂ ಉಳಿಯುತ್ತಾಳೆ.

ಆದ್ದರಿಂದ ಸಭೆ ನಡೆಸುವ ಮಹನೀಯರಲ್ಲಿ ನನ್ನದೊಂದು ಅರಿಕೆ. ಮುಂದಿನ ಸಲ ವೇದಿಕೆಯೇರುವವರು ಬಿರುದು ಹೇಳುವ ಮೊದಲು, ಆ ಕವಿಯ ಗೆದ್ದ ಪದ್ಯವೊಂದನ್ನೂ ಸೋತ ಪದ್ಯವೊಂದನ್ನೂ ಓದಿ, ಏಕೆ ಗೆದ್ದಿತು, ಏಕೆ ಸೋತಿತು ಎಂದು ಹತ್ತು ನಿಮಿಷ ಹೇಳಲಿ. ಸೋತದ್ದನ್ನು ತೋರಿಸಲಾರದವರಿಗೆ ಗೆದ್ದದ್ದನ್ನು ಹೊಗಳುವ ಅಧಿಕಾರವಿಲ್ಲ. 'ಅಶ್ವತ್ಥಾಮನ್'ನ ಒಂದು ದೃಶ್ಯದ ಪಕ್ಕದಲ್ಲಿ 'ಕೃಷ್ಣಲೀಲೆ'ಯ ಒಂದು ದೃಶ್ಯವಿಟ್ಟು ಹುಡುಗರಿಂದ ಆಡಿಸಿ ನೋಡಲಿ; ಯಾವುದು ನಿಲ್ಲುತ್ತದೆಂದು ಅವರೇ ಹೇಳಿಯಾರು.

ನನ್ನ ಮಾತಿಗೆ ಉತ್ತರ ಕೊಡುವವರು ಖಂಡಿತ ಕೊಡಲಿ. ಬರುವಾಗ ಕೈಯಲ್ಲಿ ಪುಸ್ತಕವಿರಲಿ. ಹೂವಿನ ಹಾರ ಬೇಡ.